ಒರೆಸುವ ಬಟ್ಟೆ

ನನ್ನ ಫೋನು ನನ್ನದಲ್ಲ ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಿರುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ನನ್ನ ವಯಸ್ಸಿನ ಹೆಂಗಸರ ಫೋನಿನಲ್ಲಿ ಮೊಮ್ಮಕ್ಕಳ ಫೋಟೊ, ನಾಮಕರಣ ಗೃಹಪ್ರವೇಶಗಳ ಫೋಟೊ, ಅಂಗಡಿಯವರು ಕಳಿಸಿದ ಸೀರೆಗಳ ಫೋಟೊ ಇರುತ್ತವೆ. ನನ್ನದರಲ್ಲಿ ಕಟ್ಟಿರುವೆಯ ಮೀಸೆ ಇದೆ. ಹೊಂಗೆ ಎಲೆಯ ನರಗಳಿವೆ. ಇಪ್ಪತ್ತೆಂಟು ಜೊತೆ ಸವೆದ ಚಪ್ಪಲಿಗಳ ಅಡಿಭಾಗವಿದೆ. ಯಾರದೋ ಹೆಬ್ಬೆರಳು ಅಡ್ಡ ಬಂದು ಅರ್ಧ ಮುಚ್ಚಿಹೋದ ಶಿವಗಂಗೆ ಬೆಟ್ಟವಿದೆ. ಮದುವೆಮನೆಯಲ್ಲಿ ನಾದಿನಿ, "ಎಲ್ಲಿ ಅತ್ತಿಗೆ, ಫೋಟೊ ತೋರಿಸಿ" ಎಂದು ಫೋನು ಇಸಿದುಕೊಂಡವಳು ಒಂದರ ಹಿಂದೆ ಒಂದು ಚಪ್ಪಲಿ ನೋಡಿ ಸುಮ್ಮನೆ ಹಿಂದಕ್ಕೆ ಕೊಟ್ಟಳು. ಅತ್ತಿಗೆಗೆ ಏನೋ ಆಗಿದೆ ಎಂದುಕೊಂಡಿರಬೇಕು.

ನಾನು ದಾಬಸ್‌ಪೇಟೆಯ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವವಳು. 1994ರಲ್ಲಿ ಕೆಲಸಕ್ಕೆ ಸೇರಿದೆ. ಬಿ.ಎ., ಬಿ.ಎಡ್. ಎರಡನ್ನೂ ಆಮೇಲೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅಂಚೆ ಶಿಕ್ಷಣದಲ್ಲಿ ಮುಗಿಸಿಕೊಂಡೆ. ಬೆಂಗಳೂರಿನಿಂದ ತುಮಕೂರಿಗೆ ಬಸ್ಸಿನಲ್ಲಿ ಹೋಗುವವರು ನಮ್ಮ ಊರನ್ನು ಮೇಲುಸೇತುವೆಯ ಮೇಲಿನಿಂದ ನೋಡಿರುತ್ತೀರಿ, ಇಳಿದಿರುವುದಿಲ್ಲ. ಊರಿನ ಒಂದು ಕಡೆಗೆ ಶಿವಗಂಗೆ ಬೆಟ್ಟ, ಇನ್ನೊಂದು ಕಡೆಗೆ ಸೋಂಪುರದ ಕಾರ್ಖಾನೆಗಳು. ನನ್ನ ತರಗತಿಯೂ ಹಾಗೆಯೇ. ಅರ್ಧ ಮಕ್ಕಳು ರಾಗಿ ಹೊಲದ ಮನೆಯವರು, ಇನ್ನರ್ಧ ಕಾರ್ಖಾನೆ ಕೆಲಸಕ್ಕೆಂದು ದೂರದಿಂದ ಬಂದು ಶೆಡ್ಡುಗಳಲ್ಲಿ ಇರುವವರು. ರಾಯಚೂರು, ಯಾದಗಿರಿ, ಬಿಹಾರ, ಒಡಿಶಾ. ಹಾಜರಿ ಕೂಗುವಾಗ ಅರ್ಧ ದೇಶ ಕೂಗಿದಂತಾಗುತ್ತದೆ.

ಚಪ್ಪಲಿಯ ಫೋಟೊಗಳ ಕಥೆ ಇರಲಿ, ಬೆಟ್ಟದ್ದನ್ನು ಹೇಳುತ್ತೇನೆ. ಶಿವಗಂಗೆಯನ್ನು ಪೂರ್ವದಿಂದ ನೋಡಿದರೆ ಬಸವನ ಹಾಗೆ, ಪಶ್ಚಿಮದಿಂದ ಗಣಪತಿಯ ಹಾಗೆ, ದಕ್ಷಿಣದಿಂದ ಲಿಂಗದ ಹಾಗೆ, ಉತ್ತರದಿಂದ ಹೆಡೆ ಎತ್ತಿದ ಹಾವಿನ ಹಾಗೆ ಕಾಣುತ್ತದೆ ಎಂದು ಈ ಭಾಗದಲ್ಲಿ ಎಲ್ಲರೂ ಹೇಳುತ್ತಾರೆ. ನಾಲ್ಕನೆಯ ತರಗತಿಗೆ ದಿಕ್ಕುಗಳ ಪಾಠ ಮಾಡುವಾಗ ಇದನ್ನು ಹೇಳಿದೆ. ಮಕ್ಕಳು ಒಪ್ಪಲಿಲ್ಲ. "ಇಲ್ಲ ಮಿಸ್, ಅದು ಬಸವಣ್ಣನೇ" ಎಂದ ಒಬ್ಬ. "ನಮ್ಮೂರಿಂದ ನೋಡಿದ್ರೆ ಬರೀ ಬಂಡೆ" ಎಂದಳು ಇನ್ನೊಬ್ಬಳು. ಎಲ್ಲರೂ ಹುಟ್ಟಿದಾಗಿನಿಂದ ನೋಡಿದ ಬೆಟ್ಟ, ಆದರೆ ಪ್ರತಿಯೊಬ್ಬರೂ ನೋಡಿರುವುದು ತಮ್ಮ ಮನೆಯ ಬಾಗಿಲಿನ ಬೆಟ್ಟವನ್ನು ಮಾತ್ರ. ಸರಿ, ಮನೆಯಲ್ಲಿ ಅಪ್ಪನ ಫೋನೋ ಅಮ್ಮನ ಫೋನೋ ಇದ್ದರೆ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಬೆಟ್ಟದ ಒಂದು ಫೋಟೊ ತೆಗೆದು ನನಗೆ ಕಳಿಸಿ ಎಂದೆ. ಫೋನಿಲ್ಲದವರು ಬರೆದು ತನ್ನಿ ಎಂದೆ.

ಇಪ್ಪತ್ತೊಂದು ಫೋಟೊ ಬಂದವು. ಒಂದರಲ್ಲಿ ಬೆಟ್ಟವೇ ಇಲ್ಲ, ಎಮ್ಮೆ ಇದೆ. ಕೇಳಿದರೆ, "ಬೆಟ್ಟ ಅದರ ಹಿಂದೆ ಐತೆ ಮಿಸ್" ಎಂದ. ಜೆರಾಕ್ಸ್ ಅಂಗಡಿಯಲ್ಲಿ ಎಲ್ಲವನ್ನೂ ಕಪ್ಪು ಬಿಳುಪಿನಲ್ಲಿ ತೆಗೆಸಿದೆ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಸುತ್ತು ಬರೆದು, ನಡುವೆ ಒಂದು ಕಲ್ಲಿಟ್ಟು, ಯಾವ ಫೋಟೊ ಎಲ್ಲಿ ಬರಬೇಕು ನೀವೇ ಇಡಿ ಎಂದೆ. ಒಂದೂವರೆ ಗಂಟೆ ಜಗಳ. ಯಾರ ಊರು ಯಾವ ದಿಕ್ಕು, ಬೆಳಗಿನ ನೆರಳು ಯಾವ ಮಗ್ಗುಲಿಗೆ ಬಿದ್ದಿದೆ, ಇವನ ಬಸವ ಅವಳಿಗೆ ಆನೆ ಏಕೆ, ಎಲ್ಲ ವಾದ ಮಾಡಿ ಕೊನೆಗೆ ಸುತ್ತು ತುಂಬಿತು. ಫೋನಿಲ್ಲದ ನಾಲ್ವರು ಬರೆದು ತಂದಿದ್ದರಲ್ಲ, ಅವರಲ್ಲಿ ಒಬ್ಬಳು ಬೆಟ್ಟಕ್ಕೆ ಹತ್ತುವ ಮೆಟ್ಟಿಲುಗಳನ್ನೂ, ಮೇಲಿನ ಬಸವನನ್ನೂ, ಒಳಕಲ್ಲು ತೀರ್ಥದಲ್ಲಿ ಕೈ ಹಾಕಿ ನೀರು ಸಿಗದೆ ಅಳುತ್ತಿರುವ ಒಬ್ಬ ಹೆಂಗಸನ್ನೂ ಬರೆದಿದ್ದಳು. ಕ್ಯಾಮೆರಾಕ್ಕೆ ಅದು ಹೇಗೆ ಕಾಣಬೇಕು? ನಾನು ಪಾಠ ಮಾಡಿದ ದಿನಗಳಲ್ಲಿ ಮರೆಯಬಾರದೆನ್ನಿಸುವ ದಿನಗಳು ಹತ್ತೋ ಹನ್ನೆರಡೋ ಇರಬಹುದು. ಅದು ಅವುಗಳಲ್ಲಿ ಒಂದು.

ಇನ್ನೊಂದು ದಿನ, ಬೇಲಿಯ ಸಾಲಿನಲ್ಲಿ ಸಿಗುವ, ನೀರು ತಾಗಿದರೆ ಪಟ್ಟನೆ ಸಿಡಿಯುವ ಕಾಯಿಗಳನ್ನು ಹುಡುಗರು ಜೇಬು ತುಂಬ ತಂದಿದ್ದರು. ಅದು ಸಿಡಿಯುವುದನ್ನು ಫೋನಿನ ನಿಧಾನಗತಿಯಲ್ಲಿ ಹಿಡಿದು ತೋರಿಸಿದೆ. ಬೀಜಗಳು ಗಾಳಿಯಲ್ಲಿ ತಿರುಗುತ್ತ ಹೋಗುವುದನ್ನು ನೋಡಿ ತರಗತಿ ಉಸಿರು ಬಿಗಿಹಿಡಿಯಿತು. ಆಗ ಒಬ್ಬ ಕೇಳಿದ: "ಮಿಸ್, ಕಾಯಿ ಬೇಗ ಸಿಡೀತು. ಇದರಲ್ಲಿ ನಿಧಾನ ಆಗಿದ್ದು ಯಾವುದು, ಕಾಯಾ, ಟೈಮಾ?" ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಮಗನನ್ನು ಕೇಳಿ ತಿಳಿದುಕೊಂಡೆ. ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾ ಆಗ 120ನ್ನೋ 240ನ್ನೋ ತೆಗೆಯುತ್ತದಂತೆ, ತೋರಿಸುವಾಗ ಮಾತ್ರ ಮಾಮೂಲಿನ ಹಾಗೆ 30ರಂತೆ ತೋರಿಸುತ್ತದಂತೆ. ಮಾರನೆಯ ದಿನ ಹಳೆಯ ನೋಟು ಪುಸ್ತಕಗಳ ಅಂಚಿನಲ್ಲಿ ಪುಟಕ್ಕೊಂದರಂತೆ ಮೂವತ್ತು ಚಿತ್ರ ಬರೆದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟು, ಎಲ್ಲರೂ ಒಂದೊಂದು ಸಿನಿಮಾ ಮಾಡಿಕೊಂಡರು. ಯಂತ್ರದಿಂದ ಹೊರಟು ಮತ್ತೆ ಪೆನ್ಸಿಲಿಗೆ ಬಂದ ಪಾಠವೇ ನನ್ನ ಮಟ್ಟಿಗೆ ಒಳ್ಳೆಯ ಪಾಠ.

ಇಷ್ಟು ಓದಿದ ಮೇಲೆ, ಈ ಟೀಚರಮ್ಮ ಫೋನಿನ ಗುಣಗಾನಕ್ಕೆ ಹೊರಟಿದ್ದಾಳೆ ಎಂದು ನೀವು ಅಂದುಕೊಳ್ಳಬಹುದು. ಎರಡು ವರ್ಷದ ಹಿಂದೆ ಬರೆದಿದ್ದರೆ ಹಾಗೆಯೇ ಬರೆಯುತ್ತಿದ್ದೆ.

ನಾವು ಕಲಿತದ್ದು ಸ್ಲೇಟಿನಲ್ಲಿ. ನಮಗಿಂತ ಹಿಂದಿನವರು ಕೂಲಿಮಠದಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದಿದವರು. ಸ್ಲೇಟಿಗೆ ಒಂದು ಬಳಪ, ಒಂದು ಒದ್ದೆ ಬಟ್ಟೆ. ಬಟ್ಟೆ ಮರೆತ ದಿನ ತೊಂಡೆ ಎಲೆ, ಅದೂ ಇಲ್ಲದ ದಿನ ಎಂಜಲು ಮತ್ತು ಅಂಗೈ. ಅದಕ್ಕಾಗಿ ನಾವು ತಿಂದ ಏಟಿಗೆ ಲೆಕ್ಕವಿಲ್ಲ. ಸ್ಲೇಟಿನ ಮೇಲೆ 'ಅ' ಬರೆದರೆ ಕೋಳಿಯ ಹಾಗೆ ಆಗುತ್ತಿತ್ತು. ಒರೆಸಿದರೆ ಕೋಳಿ ಇಲ್ಲ. ನಾನು ಬರೆದ ತಪ್ಪುಗಳಲ್ಲಿ ಒಂದಾದರೂ ಇವತ್ತು ಯಾರ ಬಳಿಯೂ ಇಲ್ಲ. ಅದು ಎಷ್ಟು ದೊಡ್ಡ ಕೊಡುಗೆ ಎಂದು ಆಗ ತಿಳಿದಿರಲಿಲ್ಲ.

ಶಾಲೆಗೆ ಆಮೇಲೆ ಬಂದ ಯಂತ್ರಗಳೂ ಈ ವಿಷಯದಲ್ಲಿ ಸಾಧುಗಳೇ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ್ದರು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ. ಬೆಳಿಗ್ಗೆ ಶಾಲೆಯ ಮಕ್ಕಳಿಗೆಂದೇ ಕಾರ್ಯಕ್ರಮ ಬರುತ್ತಿತ್ತು. ಆ ಸೀಮೆಯ ಹಿರಿಯ ಸಹೋದ್ಯೋಗಿಯೊಬ್ಬರು, ಚಿಕ್ಕಂದಿನಲ್ಲಿ ಪೆಟ್ಟಿಗೆಯ ಹಿಂದಕ್ಕೆ ಹೋಗಿ ಒಳಗಿರುವವರನ್ನು ಹುಡುಕಿದ್ದನ್ನು ಇನ್ನೂ ಹೇಳಿ ನಗುತ್ತಾರೆ. ಆಮೇಲೆ ಈ ಶತಮಾನದ ಮೊದಲ ದಶಕದಲ್ಲಿ ಆಕಾಶವಾಣಿಯಿಂದ 'ಚಿನ್ನರ ಚುಕ್ಕಿ', 'ಕೇಳಿ ಕಲಿ' ಎಂಬ ಪಾಠಗಳು ಬಂದವು. ರೇಡಿಯೊದ ಅಕ್ಕ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು. ನಮ್ಮ ಮಕ್ಕಳು ಬಾಯಿಗೆ ಬಂದದ್ದು ಕೂಗುತ್ತಿದ್ದರು. ಅಕ್ಕ ಒಂದೂ ಕೇಳಿಸಿಕೊಳ್ಳದೆ ಮೆಚ್ಚಿಕೊಂಡು ಮುಂದಕ್ಕೆ ಹೋಗುತ್ತಿದ್ದಳು. ಆಗ ನಾವು ಟೀಚರುಗಳು ನಗುತ್ತಿದ್ದೆವು, ಇದೆಂಥ ಕಿವುಡು ಯಂತ್ರ ಎಂದು. ಈಗ ಅನ್ನಿಸುತ್ತದೆ, ಆ ಕಿವುಡಿನಲ್ಲಿ ಎಂಥ ಮರ್ಯಾದೆ ಇತ್ತು! ಅದು ಕೊಟ್ಟಿತೇ ಹೊರತು ಮಕ್ಕಳಿಂದ ಏನನ್ನೂ ತೆಗೆದುಕೊಂಡು ಹೋಗಲಿಲ್ಲ.

ಫೋನು ಹಾಗಲ್ಲ. ಅದಕ್ಕೆ ಕಣ್ಣಿದೆ, ಕಿವಿಯಿದೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಲಿದೆ. ಅದು ತರಗತಿಯೊಳಕ್ಕೆ ಬಂದದ್ದೂ ಕಷ್ಟಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ಶಾಲೆ ಮುಚ್ಚಿದರು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾದಾಗ ದೇವಸ್ಥಾನದ ಜಗಲಿಯ ಮೇಲೆ, ಅರಳಿಕಟ್ಟೆಯ ಮೇಲೆ ದೂರ ದೂರ ಕೂರಿಸಿ ಪಾಠ ಮಾಡಿದೆವು. ಅದೂ ಅಕ್ಟೋಬರಿನಲ್ಲಿ ನಿಂತಾಗ ಉಳಿದದ್ದು ಫೋನೊಂದೇ. ಒಂದು ಮನೆಗೆ ಒಂದು ಫೋನು, ಅದೂ ಅಪ್ಪನ ಜೊತೆ ಕಾರ್ಖಾನೆಗೆ ಹೋಗಿ ರಾತ್ರಿ ಎಂಟಕ್ಕೆ ಬರುವುದು. ರಾತ್ರಿ ಒಂಬತ್ತು ಗಂಟೆಗೆ ನನ್ನ ಫೋನಿಗೆ ಮಗ್ಗಿ ಬರುತ್ತಿತ್ತು, ಪದ್ಯ ಬರುತ್ತಿತ್ತು, ಹಿಂದೆ ಕುಕ್ಕರಿನ ಕೂಗು ಕೇಳುತ್ತಿತ್ತು. ಆ ಧ್ವನಿಗಳು ನನ್ನನ್ನು ಬದುಕಿಸಿದವು ಎಂದರೆ ಹೆಚ್ಚಿನ ಮಾತಾಗಲಾರದು. ಶಾಲೆ ತೆರೆದ ಮೇಲೂ ಅದನ್ನು ಕೈಬಿಡಲು ಮನಸ್ಸಾಗಲಿಲ್ಲ. ಬೆಟ್ಟ, ಕಾಯಿ, ಚಪ್ಪಲಿ ಎಲ್ಲ ಹೀಗೆ ಹುಟ್ಟಿದವು.

ಈಗ ಆ ಹುಡುಗಿಯ ವಿಷಯ. ಅವಳ ಹೆಸರು ಬರೆಯುವುದಿಲ್ಲ, ಊರನ್ನೂ ಬರೆಯುವುದಿಲ್ಲ. ಉತ್ತರದ ಕಡೆಯಿಂದ ಬಂದವಳು ಎಂದರೆ ಸಾಕು. ನಮ್ಮ ಕಡೆಯ ಮಕ್ಕಳಿಗೆ ಅವಳ ಕನ್ನಡ ಕೇಳಿದರೆ ನಗು. "ಹೋಗೂಣು", "ಬರೂಣು" ಎಂದು ಅಣಕಿಸುತ್ತಿದ್ದರು. ನಾನು ಗದರಿಸಿದೆ, ಬುದ್ಧಿ ಹೇಳಿದೆ. ಅದರಿಂದ ಅವರ ನಗು ನಿಂತಿತು, ಅವಳ ಮಾತೂ ನಿಂತಿತು. ನಾಲ್ಕು ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಬರೆಯುವುದೆಲ್ಲ ಸರಿಯಾಗಿ ಬರೆಯುತ್ತಿದ್ದಳು, ಓದು ಎಂದರೆ ತಲೆ ಬಗ್ಗಿಸುತ್ತಿದ್ದಳು.

ಒಂದು ಶನಿವಾರ ಫೋನಿನಲ್ಲಿ ಧ್ವನಿ ಹಿಡಿಯುವುದನ್ನು ಒತ್ತಿ ಅವಳ ಕೈಗೆ ಕೊಟ್ಟು ಹೇಳಿದೆ: "ಹೊಂಗೆ ಮರದ ಕೆಳಗೆ ಹೋಗಿ ಕೂತುಕೋ. ಅಲ್ಲಿ ಯಾರೂ ಇಲ್ಲ. ಏನು ಬೇಕಾದರೂ ಇದಕ್ಕೆ ಹೇಳು. ಇದು ನಗುವುದಿಲ್ಲ." ಅವಳು ಹೋದಳು. ಕಿಟಕಿಯಿಂದ ನೋಡಿದೆ. ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿಗೆ ಕೂತವರಿಗೆ ಹೇಳುವ ಹಾಗೆ ಕೈ ಆಡಿಸುತ್ತ ಹೇಳುತ್ತಿದ್ದಳು. ಆರು ನಿಮಿಷ.

ಆ ರಾತ್ರಿ ಕೇಳಿದೆ. ಅವಳು ಏನು ಹೇಳಿದಳೆಂದು ಇಲ್ಲಿ ಬರೆಯಲಾರೆ. ಬರೆದರೆ ಒಮ್ಮೆ ಮಾಡಿದ ತಪ್ಪನ್ನು ಎರಡನೆಯ ಸಲ, ಅದೂ ಪುಸ್ತಕದಲ್ಲಿ ಅಚ್ಚು ಹಾಕಿಸಿ ಮಾಡಿದಂತಾಗುತ್ತದೆ. ಮನೆಯ ಸಂಗತಿ ಎಂದಷ್ಟೇ ತಿಳಿಯಿರಿ. ಹತ್ತು ವರ್ಷದ ಹುಡುಗಿ, ಅವಳ ಸೀಮೆಯ ಆ ಕನ್ನಡದಲ್ಲಿ, ಒಂದು ಮಾತು ಹೆಚ್ಚಿಲ್ಲದೆ, ಒಂದು ಮಾತು ಕಮ್ಮಿ ಇಲ್ಲದೆ ಹೇಳಿದ್ದಳು. ನಾನು ಅತ್ತೆ. ಮನೆಯವರನ್ನು ಕರೆದು ಕೇಳಿಸಿದೆ. ಆಮೇಲೆ, ಅಷ್ಟಕ್ಕೆ ಸುಮ್ಮನಿರಲಾರದೆ, ಟೀಚರುಗಳ ವಾಟ್ಸಪ್ ಗುಂಪಿಗೆ ಹಾಕಿದೆ. "ಮೌನವಾಗಿದ್ದ ಮಗು ಮಾತಾಡಿತು, ಕೇಳಿ" ಎಂದು ಬರೆದೆ. ಬೆಳಗಾಗುವುದರೊಳಗೆ ಚಪ್ಪಾಳೆಯ ಗುರುತು, ಕೈಮುಗಿದ ಗುರುತು, "ನಿಮ್ಮ ಪ್ರಯತ್ನ ಮಾದರಿ ಮೇಡಂ" ಎಂಬ ಮಾತು, ನಲವತ್ತಕ್ಕೂ ಮೇಲೆ. ಎಷ್ಟು ಬಂದವೆಂದು ಎಣಿಸಿದೆ ಎಂದು ಹೇಳಲು ಈಗ ನಾಚಿಕೆ. ಹೇಳಿದ್ದು ಅವಳು, ಚಪ್ಪಾಳೆ ನನಗೆ.

ಒಂಬತ್ತು ದಿನಗಳಾದ ಮೇಲೆ ಅವಳ ತಾಯಿ ಶಾಲೆಗೆ ಬಂದಳು. ಆ ಧ್ವನಿ ಯಾವ ದಾರಿ ಹಿಡಿದು ಹೋಯಿತೋ, ಯಾರ ಅಣ್ಣನ ಫೋನು, ಯಾರ ಗೆಳೆಯನ ಫೋನು, ಕೊನೆಗೆ ಅವಳು ಕೆಲಸ ಮಾಡುವ ಜಾಗದಲ್ಲಿ ಊಟದ ಹೊತ್ತಿನಲ್ಲಿ ಯಾರೋ ಹಾಕಿ ಕೇಳಿಸಿದ್ದರು. ಮಗಳ ಧ್ವನಿ ತಾಯಿಗೆ ಗುರುತು ಸಿಗದೆ ಇರುತ್ತದೆಯೆ? ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನೂ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡು ಇಷ್ಟೇ ಹೇಳಿದಳು: "ನಮ್ಮದು ತಗಡಿನ ಶೆಡ್ ಖರೆ ಐತ್ರಿ ಟೀಚರ್ರ. ಆದ್ರ ಅದಕ್ಕೂ ಒಂದು ಬಾಗಲಾ ಐತ್ರಿ."

ನನಗೆ ಕೂರುವುದಕ್ಕೂ ಆಗಲಿಲ್ಲ, ನಿಲ್ಲುವುದಕ್ಕೂ ಆಗಲಿಲ್ಲ. ಕ್ಷಮಿಸಮ್ಮ ಎಂದೆ. ಅವಳು, "ಇರ್ಲಿ ಬಿಡ್ರಿ, ನಿಮ್ಮ ಮನಸಿನಾಗ ಕೆಟ್ಟದ್ದೇನಿಲ್ಲ" ಎಂದು ಕೆಲಸಕ್ಕೆ ಹೊತ್ತಾಯಿತೆಂದು ಹೋದಳು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳೆಂದು ಆಮೇಲೆ ತಿಳಿಯಿತು.

ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಹುಡುಗಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಅಳಸ್ರಿ ಟೀಚರ್ರ" ಎಂದಳು. ನಾಲ್ಕು ತಿಂಗಳ ನಂತರ ನನ್ನೊಂದಿಗೆ ಬಾಯಿ ಬಿಟ್ಟು ಆಡಿದ ಮೊದಲ ಮಾತು ಅದು. ಅವಳ ಎದುರಿಗೇ ಅಳಿಸಿದೆ. ಅವಳು ನೋಡಿದಳು. ಆಮೇಲೆ ಕೇಳಿದಳು: "ಎಲ್ಲಾರ ಫೋನಿನಾಗಿಂದೂ ಹೋತೇನ್ರಿ?"

ನಾನು "ಹೂಂ, ಹೋಯಿತು" ಎಂದುಬಿಟ್ಟೆ.

ಸುಳ್ಳು. ಮೂವತ್ತು ವರ್ಷ ಮಕ್ಕಳ ಎದುರು ನಿಂತು ಸತ್ಯ ಹೇಳಬೇಕು ಎಂದು ಪಾಠ ಮಾಡಿದವಳು, ಒಂದು ಮಗು ನಿಜವಾಗಿಯೂ ಸತ್ಯ ಕೇಳಿದಾಗ ಸುಳ್ಳು ಹೇಳಿದೆ. ಸಮಾಧಾನ ಮಾಡಲೆಂದು ಹೇಳಿದ್ದು ಎಂದು ರಾತ್ರಿ ನನಗೆ ನಾನೇ ಹೇಳಿಕೊಂಡೆ. ಮಗು ಬಿದ್ದಾಗ "ಏನೂ ಆಗಿಲ್ಲ, ಇರುವೆ ಸತ್ತುಹೋಯಿತು ನೋಡು" ಎನ್ನುವುದಿಲ್ಲವೆ ನಾವು? ಆದರೆ ಆ ಸುಳ್ಳಿನಲ್ಲಿ ಸಮಾಧಾನವಾದದ್ದು ಅವಳಿಗಿಂತ ನನಗೆ. ನಾಳೆ ಇನ್ನೊಬ್ಬರ ಫೋನಿನಲ್ಲಿ ಅವಳಿಗೇ ಆ ಧ್ವನಿ ಕೇಳಿಸಿದರೆ? ಆಗ ಅವಳಿಗೆ ಯಂತ್ರದ ಮೇಲಿನ ನಂಬಿಕೆ ಹೋಗುವುದು ಹಾಗಿರಲಿ, ಟೀಚರ ಮೇಲಿನದೂ ಹೋಗುತ್ತದೆ.

ಮಾರನೆಯ ದಿನ ಕರೆದು ಹೇಳಿದೆ. "ನಿನ್ನೆ ಸುಳ್ಳು ಹೇಳಿದೆ ಕಣಮ್ಮ. ನನ್ನದರಲ್ಲಿ ಮಾತ್ರ ಹೋಗಿದೆ. ಮಿಕ್ಕವರದ್ದು ನನ್ನ ಕೈಯಲ್ಲಿಲ್ಲ. ಗುಂಪಿನವರಿಗೆಲ್ಲ ಅಳಿಸಿ ಎಂದು ಬರೆದಿದ್ದೇನೆ, ಅಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ." ಅವಳು ಬಹಳ ಹೊತ್ತು ನೆಲ ನೋಡುತ್ತಿದ್ದಳು. ನಂತರ ತಲೆಯಾಡಿಸಿ ಹೋಗಿ ಜಾಗದಲ್ಲಿ ಕುಳಿತಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ಓದಿ ನೋಡಿದೆ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಮಗುವಿನ ಖಾಸಗಿ ಬದುಕಿಗೆ ರಕ್ಷಣೆ ಇರಬೇಕೆಂಬ ಮಾತಿದೆ. ನಮ್ಮ ದೇಶ ಅದನ್ನು 1992ರಲ್ಲಿ ಒಪ್ಪಿದೆ. 2023ರಲ್ಲಿ ನಮ್ಮ ಸಂಸತ್ತು ಮಾಡಿದ, ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆಯೂ ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಕೊರೋನಾ ಕಾಲದಲ್ಲಿ 49 ದೇಶಗಳ ಮಕ್ಕಳು ಪಾಠಕ್ಕೆ ಬಳಸಿದ 164 ಆ್ಯಪ್ ಮತ್ತು ಜಾಲತಾಣಗಳನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಪರೀಕ್ಷಿಸಿ, ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳ ಹಕ್ಕಿಗೆ ಅಪಾಯ ತರುವ ರೀತಿಯಲ್ಲಿ ನಡೆದುಕೊಂಡಿವೆ ಎಂದು 2022ರಲ್ಲಿ ವರದಿ ಮಾಡಿತು. ಓದಿ ಕೋಪ ಬಂತು. ಆಮೇಲೆ ಕೋಪ ಇಳಿಯಿತು. ದೊಡ್ಡ ಕಂಪನಿ ಹಣಕ್ಕಾಗಿ ಮಾಡಿದ್ದನ್ನು ನಾನು ಹೊಗಳಿಕೆಗಾಗಿ ಮಾಡಿದೆ. ಅವರಿಗೆ ಮಕ್ಕಳ ಹೆಸರು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಯಾರದು ಹೆಚ್ಚಿನ ತಪ್ಪು?

ಒಪ್ಪಿಗೆಯ ಮಾತು ಕೂಡ ಅಷ್ಟು ಸುಲಭವಲ್ಲ. ಕಳಿಸಲಾ ಎಂದು ಅವಳನ್ನು ಕೇಳಿದ್ದರೆ? ಟೀಚರು ಕೇಳಿದರೆ ನಮ್ಮ ಮಕ್ಕಳು ಬೇಡ ಎನ್ನುತ್ತಾರೆಯೆ? ಅವರ ತಾಯಂದಿರೇ ಎನ್ನುವುದಿಲ್ಲ. ಶಾಲೆಯಲ್ಲಿ ಸಹಿ ಹಾಕಿ ಎಂದ ಕಡೆ ಹಾಕಿ ಹೋಗುವವರು ಅವರು. ಇನ್ನು ಆ ಮಾತು ಯಾರದು? ಆಡಿದ್ದು ಮಗಳು, ಆದರೆ ಮಾತಿನೊಳಗೆ ಇದ್ದದ್ದು ತಾಯಿ. ಮಗಳು ಒಪ್ಪಿದ್ದರೂ ತಾಯಿಯ ಬಾಗಿಲು ತೆರೆಯುವ ಹಕ್ಕು ನನಗೆ ಬರುತ್ತಿತ್ತೆ? ಕಥೆ ಬರೆಯುವವರು, ಪ್ರಬಂಧ ಬರೆಯುವವರು ನಾವೆಲ್ಲ ಇದೇ ಕೆಲಸ ಮಾಡುವವರಲ್ಲವೆ? ಈ ಪ್ರಬಂಧ ಬರೆಯುವುದಕ್ಕೆ ಮೊದಲು ಆ ತಾಯಿಯನ್ನು ಕಂಡು, ಹೀಗೆ ಬರೆಯಲೆ ಎಂದು ಕೇಳಿದೆ. ಅವಳು ಓದಲಾರಳು, ಓದಿ ಹೇಳಿದೆ. ಬಾಗಿಲಿನ ಮಾತು ಇರಲಿ ಎಂದಳು.

ನಾವು ದೊಡ್ಡವರು ಈಗ ಎಲ್ಲಕ್ಕೂ ಫೋಟೊ ಕೇಳುತ್ತೇವೆ. ಮಕ್ಕಳು ಉಂಡರೆ ಫೋಟೊ, ಕೈ ತೊಳೆದರೆ ಫೋಟೊ, ಗಿಡ ನೆಟ್ಟರೆ ಫೋಟೊ. ಮಾಡಿದ್ದಕ್ಕೆ ಸಾಕ್ಷಿ ಬೇಕು, ಸರಿ. ಆದರೆ ನೋಡುತ್ತ ನೋಡುತ್ತ ಮಕ್ಕಳು ಗಿಡಕ್ಕೆ ನೀರು ಹಾಕುವಾಗ ಗಿಡ ನೋಡುವುದು ಬಿಟ್ಟು ನಮ್ಮ ಕೈ ನೋಡುವುದು ಕಲಿತಿದ್ದಾರೆ. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೆ? ಮಗು ಮೊದಲ ಹೆಜ್ಜೆ ಇಟ್ಟಿತೆಂದರೆ ಕೈ ಚಾಚುವುದಕ್ಕೆ ಮುಂಚೆ ಫೋನು ಹುಡುಕುತ್ತೇವೆ.

ಹಾಗಾದರೆ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆನೆ? ಮೂರು ವಾರ ಹಾಕಿದೆ. ಮಕ್ಕಳೇ ಬಿಡಲಿಲ್ಲ. ಆಮೇಲೆ ಒಂದು ಕಟ್ಟು ಮಾಡಿಕೊಂಡೆವು. ಫೋನಿನಲ್ಲಿ ಏನು ಹಿಡಿದರೂ ಆ ದಿನದ ಕೊನೆಯ ಪಿರಿಯಡ್ಡಿನಲ್ಲಿ ಹಿಡಿದವರೇ ಬಂದು ನೋಡಬೇಕು, ಕೇಳಬೇಕು, ಬೇಡವೆಂದರೆ ಅವರೇ ಒತ್ತಿ ಅಳಿಸಬೇಕು. ಇರಲಿ ಎಂದದ್ದು ನಾಲ್ಕು ಗೋಡೆಯ ಒಳಗೇ ಇರಬೇಕು. ಸ್ಲೇಟಿನ ಪಕ್ಕ ಒದ್ದೆ ಬಟ್ಟೆ ಇರುತ್ತಿತ್ತಲ್ಲ, ಆ ಬಟ್ಟೆಯನ್ನು ಮಗುವಿನ ಕೈಗೆ ವಾಪಸು ಕೊಟ್ಟಂತೆ. ಮೊದಲ ವಾರ ಅಳಿಸಿದ್ದೇ ಅಳಿಸಿದ್ದು. ಎಷ್ಟು ಸಂತೋಷ ಅವರಿಗೆ! ಹಿಡಿಯುವುದಕ್ಕಿಂತ ಅಳಿಸುವುದರಲ್ಲೇ ಆಟ ಕಂಡುಕೊಂಡರು. ತಪ್ಪು ಹಾಡಿ, ಕೇಳಿ, ನಕ್ಕು, ಅಳಿಸಿ, ಮತ್ತೆ ಹಾಡುವುದು. ಹೆದರಿಕೆಯೇ ಹೊರಟುಹೋಯಿತು.

ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟರಿಗೆ ಇದು ಹಿಡಿಸಲಿಲ್ಲ. "ಮೇಡಂ, ಎಲ್ಲ ಅಳಿಸಿಬಿಟ್ಟರೆ ಮಗು ಜೂನ್‌ನಲ್ಲಿ ಹೇಗೆ ಓದುತ್ತಿತ್ತು, ಮಾರ್ಚ್‌ನಲ್ಲಿ ಹೇಗೆ ಓದುತ್ತದೆ ಎಂದು ತಿಳಿಯುವುದು ಹೇಗೆ?" ಎಂದರು. ಅವರ ಮಾತಿನಲ್ಲೂ ಹುರುಳಿದೆ. ಅದಕ್ಕಿಂತ ದೊಡ್ಡ ಉತ್ತರವನ್ನು ಅವರ ಪರವಾಗಿ ಒಬ್ಬ ಹುಡುಗ ಕೊಟ್ಟ.

ನಮ್ಮ ಊರಿಗೆ ಈ ಹೆಸರು ಏಕೆ ಬಂತು, ಮನೆಯ ಹಿರಿಯರನ್ನು ಕೇಳಿ ಅವರ ಮಾತು ಹಿಡಿದು ತನ್ನಿ ಎಂದು ಐದನೆಯ ತರಗತಿಗೆ ಹೇಳಿದ್ದೆ. ಹೆದ್ದಾರಿಯಲ್ಲಿ ಡಾಬಾಗಳು ಜಾಸ್ತಿ, ಅದಕ್ಕೇ ಡಾಬಾಸ್‌ಪೇಟೆ ಎಂಬುದು ಮಕ್ಕಳ ಗಟ್ಟಿ ನಂಬಿಕೆ. ಮೈಸೂರು ಸೀಮೆ ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಕಾಲದಲ್ಲಿ, ಎಂದರೆ 1831ರಿಂದ 1881ರ ನಡುವೆ, ಚಿತ್ರದುರ್ಗ ವಿಭಾಗವನ್ನು ಬಹಳ ವರ್ಷ ನೋಡಿಕೊಂಡ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಅದು. ತುಮಕೂರು ಆಗ ಆ ವಿಭಾಗಕ್ಕೇ ಸೇರಿತ್ತು. ಒಬ್ಬ ಹುಡುಗನ ತಾತ ದೊರೆಯ ವಿಷಯ ಎರಡು ಮಾತು ಹೇಳಿ, ಅಲ್ಲಿಂದ ಸಂತೆಗೆ ಎತ್ತಿನ ಗಾಡಿ ಹೊಡೆದದ್ದು, ಶಿವಗಂಗೆಯ ಸಂಕ್ರಾಂತಿ ಜಾತ್ರೆಗೆ ನಡೆದು ಹೋದದ್ದು, ಹುಡುಗನ ಅಜ್ಜಿಯನ್ನು ಮೊದಲು ನೋಡಿದ್ದು ಎಲ್ಲ ಹೇಳಿದ್ದರು. ಹನ್ನೊಂದು ನಿಮಿಷ. ಕೊನೆಯ ಪಿರಿಯಡ್ಡಿನಲ್ಲಿ ಹುಡುಗ ಪೂರ್ತಿ ಕೇಳಿ, "ಇದು ಇರ್ಲಿ ಮಿಸ್" ಎಂದ. ಎರಡು ತಿಂಗಳಾದ ಮೇಲೆ ತಾತ ತೀರಿಕೊಂಡರು. ಹನ್ನೊಂದನೆಯ ದಿನ ಅವರ ಮನೆಯವರೆಲ್ಲ ನನ್ನನ್ನು ಕರೆದು, "ಅಪ್ಪಯ್ಯನ ಮಾತು ನಿಮ್ಮ ಫೋನಿನಲ್ಲಿ ಇದೆಯಂತಲ್ಲಾ" ಎಂದರು. ನಡುಮನೆಯಲ್ಲಿ ಫೋನು ಇಟ್ಟು ಕೇಳಿಸಿದೆ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರೋ ಅತ್ತರೋ ತಿಳಿಯಲಿಲ್ಲ. ಎಲ್ಲವನ್ನೂ ಅಳಿಸಿ ಎಂದು ನಾನೇ ಕಟ್ಟು ಮಾಡಿದ್ದರೆ ಆ ಧ್ವನಿ ಉಳಿಯುತ್ತಿರಲಿಲ್ಲ. ಉಳಿಸಿದವನು ಆ ಹುಡುಗ. ಅವನಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ. ತಿಳಿದಿರಲಾರದು, ತಾತನ ಮಾತು ಅವನಿಗೆ ಇಷ್ಟವಾಗಿತ್ತು, ಅಷ್ಟೆ.

ಆ ಹುಡುಗಿ ಮಾತ್ರ ಫೋನಿನ ಹತ್ತಿರ ಬರಲಿಲ್ಲ. ತರಗತಿಯಲ್ಲಿ ನಿಧಾನವಾಗಿ ಮಾತು ಬಂತು. ಅದು ನನ್ನಿಂದಲ್ಲ, ಪಕ್ಕದಲ್ಲಿ ಕೂರುತ್ತಿದ್ದ ಬಿಹಾರದ ಹುಡುಗಿಯಿಂದ. ಅವಳಿಗೆ ಕನ್ನಡ ಕಲಿಸುವ ಕೆಲಸವನ್ನು ಇವಳು ಹೊತ್ತುಕೊಂಡಳು. ಈಗ ಬಿಹಾರದವಳು "ಹೋಗೂಣು", "ಬರೂಣು" ಎನ್ನುತ್ತಾಳೆ, ಯಾರೂ ನಗುವುದಿಲ್ಲ.

ಕಳೆದ ಮಾರ್ಚ್‌ ಕೊನೆಯಲ್ಲಿ ಅವಳ ತಂದೆ ಬಂದು, ಊರಿಗೆ ವಾಪಸು ಹೋಗುತ್ತೇವೆ, ವರ್ಗಾವಣೆ ಪತ್ರ ಬೇಕು ಎಂದರು. ಕೊನೆಯ ದಿನ ಮಧ್ಯಾಹ್ನ ಅವಳು ನನ್ನ ಮೇಜಿನ ಬಳಿಗೆ ಬಂದು, "ಫೋನ್ ಕೊಡ್ರಿ ಟೀಚರ್ರ" ಎಂದಳು. ಏಕೆ ಎಂದು ಕೇಳದೆ ಕೊಟ್ಟೆ. ಹೊಂಗೆ ಮರದ ಕೆಳಗೆ ಹೋಗಿ ಕೂತಳು. ನಾನು ಕಿಟಕಿಯ ಕಡೆ ಹೋಗಲಿಲ್ಲ, ಅಂಕಪಟ್ಟಿ ತುಂಬಿಸುತ್ತ ಕುಳಿತೆ. ಬಹಳ ಹೊತ್ತಾದ ಮೇಲೆ ಬಂದು ಫೋನು ಮೇಜಿನ ಮೇಲಿಟ್ಟಳು. ಆಮೇಲೆ ನೋಡಿದೆ, ಒಳಗೆ ಏನೂ ಇರಲಿಲ್ಲ. ಹೇಳಿ, ಕೇಳಿಕೊಂಡು, ಅಳಿಸಿ ತಂದಿದ್ದಳು.

"ಚಾರ್ಜ್ ಕಮ್ಮಿ ಆಗೈತ್ರಿ" ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.